ಜಿಗ್‌ಬೀ ಡಾಂಗಲ್ ಕೈಕೊಟ್ಟಾಗ: ನನ್ನ ಅನುಭವ

ಜಿಗ್‌ಬೀ ಅಂದರೆ ಮನೆಯ ಸ್ಮಾರ್ಟ್ ಸಾಧನಗಳು ಮಾತಾಡುವ ವೈರ್‌ಲೆಸ್ ಜಾಲ, ಅದನ್ನು ಕಂಪ್ಯೂಟರ್‌ಗೆ ಜೋಡಿಸುವ ಯುಎಸ್‌ಬಿ ಕಡ್ಡಿಯೇ ಡಾಂಗಲ್. ನನ್ನದು ಕೈಕೊಟ್ಟಾಗ ಲಾಗ್ ತುಂಬ ಟೈಮ್‌ಔಟ್, ದೂರದ ಸೆನ್ಸರ್‌ಗಳು ಆಫ್‌ಲೈನ್. ಡಾಂಗಲ್ ಇದ್ದದ್ದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ನೀಲಿ ಯುಎಸ್‌ಬಿ 3.0 ಪೋರ್ಟ್‌ನಲ್ಲಿ, ಪಕ್ಕದಲ್ಲೇ ಎಸ್‌ಎಸ್‌ಡಿ. ಯುಎಸ್‌ಬಿ 3.0 ಹೊಮ್ಮಿಸುವ ಗದ್ದಲ 2.4 ಗಿಗಾಹರ್ಟ್ಸ್‌ನಲ್ಲೇ ಬೀಳುತ್ತದೆ. ಜಿಗ್‌ಬೀ ಓಡಾಡುವ ದಾರಿಯೂ ಅದೇ. ಕಪ್ಪು 2.0 ಪೋರ್ಟ್‌ಗೆ 1 ಮೀಟರ್ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಡಾಂಗಲನ್ನು ದೂರ ಇಟ್ಟೆ. ಮುಕ್ಕಾಲು ಪಾಲು ತೊಂದರೆ ಅಲ್ಲೇ ಮುಗಿಯಿತು. ಫರ್ಮ್‌ವೇರ್ (ಡಾಂಗಲ್ ಒಳಗಿನ ತಂತ್ರಾಂಶ) ಮುಟ್ಟುವ ಮೊದಲು ಇದನ್ನು ಮಾಡಿ, ಖರ್ಚು ಒಂದು ಕೇಬಲ್ ಅಷ್ಟೇ.

ಇನ್ನೊಂದು ಕಾರಣ ಚಾನೆಲ್. ನನ್ನ ವೈಫೈ ಇದ್ದ ಚಾನೆಲ್ 6ರ ನಡುಬಿಂದು 2437 ಮೆಗಾಹರ್ಟ್ಸ್, ಜಿಗ್‌ಬೀ ಇದ್ದ ಚಾನೆಲ್ 18ರದ್ದು 2440. ಜಗಳ ಆಗದೆ ಇನ್ನೇನು? ಜಿಗ್‌ಬೀಯನ್ನು 25ಕ್ಕೆ (2475) ಒಯ್ದೆ. 26 ಬೇಡ, ಕೆಲವು ಸಾಧನಗಳು ಅಲ್ಲಿ ಕಡಿಮೆ ಶಕ್ತಿಯಲ್ಲಿ ಪ್ರಸಾರ ಮಾಡುತ್ತವೆ. ಚಾನೆಲ್ ಬದಲಿಸಿದಾಗ ನಿದ್ದೆಯಲ್ಲಿರುವ ಬ್ಯಾಟರಿ ಸೆನ್ಸರ್‌ಗಳು ಹಿಂದುಳಿದರೆ ಮತ್ತೆ ಜೋಡಿಸಬೇಕು.

ಕೊನೆಗೆ ಫರ್ಮ್‌ವೇರ್. ಮೊದಲು ಡಾಂಗಲ್ ನಡೆಸುವ ತಂತ್ರಾಂಶ ಜಿಗ್‌ಬೀ2ಎಂಕ್ಯೂಟಿಟಿಯನ್ನು ನಿಲ್ಲಿಸಿ, ಇಲ್ಲವಾದರೆ ಅದು ಸೀರಿಯಲ್ ಪೋರ್ಟ್ (ಡಾಂಗಲ್ ಜೊತೆಗಿನ ಸಂಪರ್ಕ) ಬಿಡುವುದಿಲ್ಲ. ಅದರ ಡೇಟಾ ಫೋಲ್ಡರ್ ಇಡಿಯಾಗಿ ನಕಲು ಮಾಡಿ. ಅದರಲ್ಲಿನ ಕೋಆರ್ಡಿನೇಟರ್ (ಜಾಲ ನಡೆಸುವ ಸಾಧನ, ಅಂದರೆ ಡಾಂಗಲ್) ಬ್ಯಾಕಪ್ ಫೈಲ್ ಇಲ್ಲದೆ ಚಿಪ್ ಅಳಿಸಿದರೆ ಎಲ್ಲವನ್ನೂ ಮತ್ತೆ ಜೋಡಿಸುವ ಕರ್ಮ. ನನ್ನ ಡಾಂಗಲ್‌ನಲ್ಲಿರುವ ಸಿಸಿ2652ಪಿ ಚಿಪ್‌ಗೆ ಅದೇ ಬೋರ್ಡಿನ ಹೆಕ್ಸ್ ಫೈಲ್ (ಫರ್ಮ್‌ವೇರ್ ಇರುವ ಫೈಲ್) ಬೇಕು. ಡಾಂಗಲ್‌ನ ಬೂಟ್ ಗುಂಡಿ ಒತ್ತಿ ಹಿಡಿದೇ ಯುಎಸ್‌ಬಿಗೆ ಚುಚ್ಚಿ, ಫ್ಲಾಶ್ ಮಾಡಿ (ಆ ಫೈಲನ್ನು ಚಿಪ್‌ಗೆ ಬರೆಯಿರಿ), ಕಿತ್ತು ಮತ್ತೆ ಚುಚ್ಚಿ.