ಮೂವತ್ತನೇ ಕಿಲೋಮೀಟರಿಗೊಂದು ಒಗಟು: ನೀವೇ ಕಟ್ಟುವುದು ಹೇಗೆ?

ಭಾನುವಾರ ಬೆಳಗ್ಗೆ ಐದೂವರೆಗೆ ಕಬ್ಬನ್ ಪಾರ್ಕ್ ಕಡೆ ಬಂದು ನೋಡಿ. ಲಾಂಗ್ ರನ್‌ಗೆ ಹೊರಟವರ ಬಾಯಿ ಮೊದಲ ಐದು ಕಿಲೋಮೀಟರ್ ಮುಚ್ಚುವುದೇ ಇಲ್ಲ. ಆಫೀಸು, ಸೈಟು, ಮಗಳ ಪರೀಕ್ಷೆ, ಹೊಸ ಶೂ ರೇಟು. ಹದಿನೈದು ದಾಟಿತು ಅನ್ನುವಾಗ ಮಾತು ಕಡಿಮೆಯಾಗುತ್ತದೆ. ಇಪ್ಪತ್ತೈದು ಆಗುವಷ್ಟರಲ್ಲಿ ಉಸಿರು, ಹೆಜ್ಜೆ ಸದ್ದು, ಅಷ್ಟೇ. ಆಗ ನಮ್ಮ ಗುಂಪಿನಲ್ಲಿ ಯಾರಾದರೂ ಒಂದು ಒಗಟು ಹಾಕುತ್ತಾರೆ. ಕಾಲು ನೋವೇನೂ ಹೋಗುವುದಿಲ್ಲ. ಆದರೆ ತಲೆ ಬೇರೆ ಕಡೆ ಓಡಿ, ಎರಡು ಕಿಲೋಮೀಟರ್ ಕಳೆದಿದ್ದೇ ಗೊತ್ತಾಗುವುದಿಲ್ಲ.

ಮೊಬೈಲಿನಲ್ಲಿ ಹುಡುಕಿದರೆ ರಾಶಿ ಒಗಟು ಸಿಗುತ್ತವೆ. ಎಲ್ಲವೂ ಎಲ್ಲರೂ ಕೇಳಿದ್ದೇ. ಓಟ, ಸೈಕಲ್ಲು ಅಂತ ಹಚ್ಚಿಕೊಂಡವರಿಗೆ ಅದರೊಳಗಿನದೇ ಒಗಟು ಬೇಕು, ಅದನ್ನು ನಾವೇ ಕಟ್ಟಬೇಕು. ನಾನು ಕಲಿತ ದಾರಿ ಹೇಳುತ್ತೇನೆ, ಎಡವಿದ ಜಾಗವನ್ನೂ ಸೇರಿಸಿ.

ಹಂತ 1: ಮೊದಲು ಉತ್ತರ, ಆಮೇಲೆ ಪ್ರಶ್ನೆ

"ಬಿಳಿ ಕುದುರೆಗೆ ಹಸಿರು ಬಾಲ, ಏನು?" ಮೂಲಂಗಿ. ಇದನ್ನು ಕಟ್ಟಿದವರು ಕುದುರೆಯನ್ನು ನೆನೆಸಿಕೊಂಡು ಕೂತಿರಲಿಲ್ಲ. ಕೈಯಲ್ಲಿ ಮೂಲಂಗಿ ಇತ್ತು, ಅದನ್ನು ಸರಿಯಾಗಿ ನೋಡಿದರು. ನೀವೂ ಹಾಗೇ ಮಾಡಿ. ರೇಸ್ ಮುಗಿಸಿ ಬಂದ ದಿನ ನಿಮ್ಮ ಬ್ಯಾಗನ್ನು ಮಂಚದ ಮೇಲೆ ಸುರಿದು ಒಂದೊಂದೇ ಎತ್ತಿಕೊಳ್ಳಿ. ಬಿಬ್ (ರೇಸಿನಲ್ಲಿ ಅಂಗಿಗೆ ಚುಚ್ಚಿಕೊಳ್ಳುವ ನಂಬರ್ ಚೀಟಿ), ಸೇಫ್ಟಿ ಪಿನ್ನು, ಬಾಳೆಹಣ್ಣಿನ ಸಿಪ್ಪೆ, ಬೆವರು ಒಣಗಿದ ಅಂಗಿ. ಯಾವುದು ನೋಡಲು ಇನ್ನೊಂದರ ಹಾಗಿದೆ, ಆದರೆ ಅದಲ್ಲ? ಅಲ್ಲಿಂದ ಶುರು.

ಬಿಬ್ ತಗೊಳ್ಳಿ. ಎದೆ ಮೇಲಿರುತ್ತದೆ, ಪದಕದ ಹಾಗೆ. ನಂಬರ್ ಇರುತ್ತದೆ, ಗಾಡಿಯ ಹಾಗೆ. ಪಿನ್ನು ಚುಚ್ಚುತ್ತಾರೆ. ಮೂರನ್ನೂ ಸೇರಿಸಿದರೆ:

"ಎದೆ ಮೇಲಿದ್ದರೂ ಪದಕ ಅಲ್ಲ, ನಂಬರ್ ಇದ್ದರೂ ಗಾಡಿ ಅಲ್ಲ, ನಾಲ್ಕು ಕಡೆ ಚುಚ್ಚಿದರೂ ರಕ್ತ ಇಲ್ಲ. ಏನು?"

ಅಂಗಿಯದ್ದು ಇನ್ನೂ ಸುಲಭ: "ಸಮುದ್ರಕ್ಕೆ ಹೋಗಲಿಲ್ಲ, ಅಂಗಡಿಗೆ ಹೋಗಲಿಲ್ಲ, ಮನೆಗೆ ಬಂದಾಗ ಬೆನ್ನ ತುಂಬಾ ಉಪ್ಪು." ಬೆವರಿನ ನೀರು ಆರಿ ಕಪ್ಪು ಟೀ ಶರ್ಟ್ ಮೇಲೆ ಬಿಳಿ ನಕ್ಷೆ ಬಿಟ್ಟಿದ್ದನ್ನು ನೋಡಿದವರೆಲ್ಲ ಇದನ್ನು ಒಡೆಯುತ್ತಾರೆ. ಓಡದವರು ಒದ್ದಾಡುತ್ತಾರೆ. ಒಗಟಿಗೆ ಇದು ಒಳ್ಳೆಯ ಲಕ್ಷಣ.

ಮಾತನ್ನು ಕಡಿಯುವುದು ಮುಖ್ಯ. ಓಡುತ್ತಾ ಹೇಳುವ ಒಗಟು ಒಂದೆರಡು ಉಸಿರಿನಲ್ಲಿ ಮುಗಿಯಬೇಕು. ಜೋರಾಗಿ ಹೇಳಿ ನೋಡಿ. ನಾಲಿಗೆ ತಡವರಿಸಿದರೆ ಒಂದು ಪದ ತೆಗೆಯಿರಿ.

ಹಂತ 2: ಕ್ವಿಜ್ ಆಗದ ಹಾಗೆ ನೋಡಿಕೊಳ್ಳಿ

"1960ರ ರೋಮ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಗೆದ್ದವರು ಯಾರು?" ಇದು ಒಗಟಲ್ಲ, ಪರೀಕ್ಷೆ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಎಷ್ಟು ಯೋಚಿಸಿದರೂ ಬರುವುದಿಲ್ಲ. ಅದೇ ವಿಷಯವನ್ನು ಹೀಗೆ ತಿರುಗಿಸಿ: "ಎರಡು ಒಲಿಂಪಿಕ್ಸ್, ಎರಡು ಮ್ಯಾರಥಾನ್ ಚಿನ್ನ. ಎರಡಕ್ಕೂ ಸೇರಿ ಒಂದೇ ಜೊತೆ ಶೂ ಸಾಕಾಯಿತು. ಹೇಗೆ?" ಈಗ ಹೆಸರು ಗೊತ್ತಿಲ್ಲದವರೂ ಬರಿಗಾಲು ಅನ್ನುವ ತನಕ ಬರಬಹುದು. ಇಥಿಯೋಪಿಯಾದ ಅಬೆಬೆ ಬಿಕಿಲಾ ರೋಮ್‌ನಲ್ಲಿ ಬರಿಗಾಲಲ್ಲಿ ಓಡಿ ಗೆದ್ದರು, 1964ರಲ್ಲಿ ಟೋಕಿಯೊದಲ್ಲಿ ಶೂ ಹಾಕಿಕೊಂಡು ಗೆದ್ದರು.

ಹಂತ 3: ಲೆಕ್ಕ ಹಾಕಿಸುವುದಾದರೆ ಅಂಕಿಗಳನ್ನು ಪಳಗಿಸಿ

ಲಾಂಗ್ ರನ್ನಿನಲ್ಲಿ ಇಪ್ಪತ್ತೈದು ಆದ ಮೇಲೆ ಭಾಗಾಕಾರ ಯಾರಿಗೂ ಬರುವುದಿಲ್ಲ. ನನಗೆ ಒಮ್ಮೆ ಮೂವತ್ತೆರಡಕ್ಕೆ ಹತ್ತು ಸೇರಿಸಲು ಅರ್ಧ ನಿಮಿಷ ಬೇಕಾಗಿತ್ತು. ಹಾಗಾಗಿ ಲೆಕ್ಕದ ಒಗಟಿನಲ್ಲಿ ಅಂಕಿ ಸಣ್ಣದಿರಲಿ, ಮೋಸ ದೊಡ್ಡದಿರಲಿ.

ನಂದಿ ಬೆಟ್ಟಕ್ಕೆ ಸೈಕಲ್ ಹತ್ತಿಸುವವರಿಗೆ ನಾನು ಹಾಕುವ ಒಗಟು ಇದು. ಬುಡದಿಂದ ತುದಿಗೆ 8 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಹತ್ತುವಾಗ ಗಂಟೆಗೆ 10 ಕಿಲೋಮೀಟರ್ ವೇಗ. ಹೋಗಿ ಬರುವ ಸರಾಸರಿ 20 ಆಗಬೇಕಾದರೆ ಇಳಿಯುವಾಗ ಎಷ್ಟು ವೇಗ ಬೇಕು?

ಹತ್ತರಲ್ಲಿ ಎಂಟು ಜನ "30" ಅನ್ನುತ್ತಾರೆ, ಹತ್ತು ಮತ್ತು ಮೂವತ್ತರ ನಡುವೆ ಇಪ್ಪತ್ತು ಇದೆಯಲ್ವಾ ಅಂತ. ಸಮಯ ಲೆಕ್ಕ ಹಾಕಿ. 8 ಕಿಲೋಮೀಟರನ್ನು ಹತ್ತರ ವೇಗದಲ್ಲಿ ಹತ್ತಲು 48 ನಿಮಿಷ. ಒಟ್ಟು 16 ಕಿಲೋಮೀಟರನ್ನು ಇಪ್ಪತ್ತರ ಸರಾಸರಿಯಲ್ಲಿ ಮುಗಿಸಲು ಎಷ್ಟು ಹೊತ್ತು? ಅದೂ 48 ನಿಮಿಷವೇ. ಅಂದರೆ ತುದಿ ಮುಟ್ಟಿದಾಗಲೇ ಸಮಯವೆಲ್ಲ ಖರ್ಚಾಗಿದೆ, ಇನ್ನು ಒಂದು ಕ್ಷಣವೂ ತಗೊಳ್ಳದೆ ಕೆಳಗೆ ಇರಬೇಕು, ಅದು ಆಗದ ಮಾತು. ಮೂವತ್ತರಲ್ಲಿ ಇಳಿದರೆ ಸರಾಸರಿ 15 ಬರುತ್ತದೆ, ಅಷ್ಟೇ. (ಪ್ರಯೋಗ ಮಾಡಿ ನೋಡಲು ಹೋಗಬೇಡಿ, ಆ ತಿರುವುಗಳಲ್ಲಿ ಎದುರಿಂದ ಕಾರು ಬರುತ್ತವೆ.)

ಇದರಲ್ಲಿ 8, 10, 20 ಅನ್ನುವ ಅಂಕಿಗಳನ್ನು ಬೇಕೆಂದೇ ಆರಿಸಿದ್ದು. ಎರಡು ಕಡೆಯೂ 48 ಬಂದಾಗ ಕೇಳುವವರ ಮುಖ ನೋಡಬೇಕು! ಏಳೂ ಕಾಲು ಕಿಲೋಮೀಟರ್, ಹನ್ನೊಂದರ ವೇಗ, ಇಪ್ಪತ್ತೆರಡರ ಸರಾಸರಿ ಅಂತ ಹಾಕಿದರೂ ಉತ್ತರ ಅದೇ ಸಿಗುತ್ತದೆ, ಆದರೆ ಅಲ್ಲಿಯವರೆಗೆ ಕಾಯುವವರು ಯಾರು?

ಇನ್ನೊಂದು, ಓಡುವವರಿಗೆ. ನಮ್ಮ ಗುಂಪನ್ನು ಎರಡು ಪಾಲು ಮಾಡಿದ ಲೆಕ್ಕ ಇದು. ಅಕ್ಕ 5 ಕಿಲೋಮೀಟರನ್ನು ಐದು ನಿಮಿಷದ, ಅಂದರೆ ಕಿಲೋಮೀಟರಿಗೆ ಐದು ನಿಮಿಷ ಹಿಡಿಯುವ ಪೇಸ್‌ನಲ್ಲಿ ಓಡಿದಳು, ಮುಂದಿನ 5 ಕಿಲೋಮೀಟರನ್ನು ಏಳರ ಪೇಸ್‌ನಲ್ಲಿ. ತಂಗಿ ಅರ್ಧ ಗಂಟೆ ಐದರ ಪೇಸ್‌ನಲ್ಲಿ, ಇನ್ನರ್ಧ ಗಂಟೆ ಏಳರ ಪೇಸ್‌ನಲ್ಲಿ. ಇಬ್ಬರೂ ಓಡಿದ್ದು ಒಂದು ಗಂಟೆ. ಸರಾಸರಿ ಪೇಸ್ ಇಬ್ಬರದೂ ಆರೇ ಅಲ್ವಾ? ಅಲ್ಲ. ಅಕ್ಕನದು 25 ಮತ್ತು 35, ಒಟ್ಟು 60 ನಿಮಿಷಕ್ಕೆ 10 ಕಿಲೋಮೀಟರ್, ಪೇಸ್ ಸರಿಯಾಗಿ ಆರು. ತಂಗಿ ಮೊದಲ ಅರ್ಧ ಗಂಟೆಯಲ್ಲೇ 6 ಕಿಲೋಮೀಟರ್ ಮುಗಿಸಿದ್ದಾಳೆ, ಆಮೇಲೆ ಸುಮಾರು 4.29. ಅವಳ ಪೇಸ್ 5 ನಿಮಿಷ 50 ಸೆಕೆಂಡ್. ವೇಗವಾಗಿ ಓಡಿದ್ದು ತಂಗಿ, ಯಾಕೆಂದರೆ ಅವಳು ವೇಗದ ಓಟಕ್ಕೆ ಅಕ್ಕನಿಗಿಂತ ಐದು ನಿಮಿಷ ಜಾಸ್ತಿ ಕೊಟ್ಟಿದ್ದಾಳೆ. ವಾಚ್ ತಪ್ಪು ತೋರಿಸುತ್ತಿದೆ ಅಂತ ಜಗಳ ಮಾಡುವ ಗೆಳೆಯರಿಗೆ ಇದನ್ನು ಹಾಕಿ.

ಹಂತ 4: ಕಥೆಯ ಕೊನೆಯನ್ನು ಮುಂದೆ ತನ್ನಿ

ನನಗೆ ತುಂಬಾ ಇಷ್ಟವಾದ ಜಾತಿ ಇದು. ಒಂದು ವಿಚಿತ್ರ ಘಟನೆಯನ್ನು ಹೇಳಿ ಸುಮ್ನೆ ಬಿಡುವುದು. ಉಳಿದವರು ಪ್ರಶ್ನೆ ಕೇಳುತ್ತಾ ಹೋಗಬೇಕು, ನೀವು ಹೌದು ಅಥವಾ ಇಲ್ಲ ಅಂತ ಮಾತ್ರ ಹೇಳಬೇಕು. ಮೂರು ಕಿಲೋಮೀಟರ್ ಹಾಗೇ ಸಾಗುತ್ತದೆ. ಘಟನೆ ನಿಜವಾಗಿದ್ದರೆ ರುಚಿ ಹೆಚ್ಚು.

"ಮ್ಯಾರಥಾನ್ ಶುರು ಮಾಡಿದಾಗ ಅವನು ವಿದ್ಯಾರ್ಥಿ. ಮುಗಿಸಿದಾಗ ತಾತ. ಓಟ ಒಂದೇ. ಹೇಗೆ?"

ಇದು ಜಪಾನಿನ ಶಿಜೊ ಕನಾಕುರಿ ಕಥೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್, ಆ ದಿನ ಭಾರೀ ಬಿಸಿಲು. ಅರ್ಧ ದಾರಿಯಲ್ಲಿ ಸುಸ್ತಾಗಿ ಒಂದು ಮನೆಯವರ ತೋಟದಲ್ಲಿ ಕುಡಿಯಲು ತಗೊಂಡು ಅಲ್ಲೇ ಉಳಿದರು. ಆಮೇಲೆ ಓಟ ನಡೆಸುವವರಿಗೆ ಹೇಳದೆ ಊರಿಗೆ ಹೊರಟುಬಿಟ್ಟರು. 1967ರಲ್ಲಿ ಸ್ವೀಡನ್ನಿನವರು ಕರೆಸಿ ಓಟ ಮುಗಿಸಲು ಹೇಳಿದರು. ಮುಗಿಸಿದರು ಕೂಡ. ಸಮಯ: 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20.3 ಸೆಕೆಂಡ್. ಆ ".3" ಬರೆದುಕೊಂಡವರ ಶ್ರದ್ಧೆಗೆ ಕೈ ಮುಗಿಯಬೇಕು. ಈ ನಡುವೆ ಮದುವೆಯಾಗಿ, ಮಕ್ಕಳಾಗಿ, ಮೊಮ್ಮಕ್ಕಳೂ ಆಗಿದ್ದರು. ಐವತ್ತು ವರ್ಷ ಅವರು ನಾಪತ್ತೆಯಾಗಿದ್ದರು ಅಂತ ಕೆಲವರು ಉಪ್ಪುಖಾರ ಹಚ್ಚುತ್ತಾರೆ. ಅದು ಬೇಡ. 1920 ಮತ್ತು 1924ರ ಒಲಿಂಪಿಕ್ಸಿನಲ್ಲೂ ಅವರು ಓಡಿದ್ದಾರೆ, ನಾಪತ್ತೆಯಾದವರು ಹಾಗೆ ಓಡುತ್ತಾರಾ?

ಇಷ್ಟು ದೂರ ಹೋಗಬೇಕಿಲ್ಲ, ನಮ್ಮ ಹೆದ್ದಾರಿಯಲ್ಲೇ ಒಂದಿದೆ. "ರಾತ್ರಿ ಎರಡು ಗಂಟೆ. ಒಬ್ಬ ಹೆಲ್ಮೆಟ್ ಹಾಕಿಕೊಂಡೇ ಎಟಿಎಂ ಒಳಗೆ ಹೋದ. ದುಡ್ಡು ತೆಗೆಯಲಿಲ್ಲ. ಕಳ್ಳನೂ ಅಲ್ಲ. ಚೀಟಿ ಮಾತ್ರ ತಗೊಂಡು ಖುಷಿಯಾಗಿ ಹೊರಗೆ ಬಂದ." ಬ್ರೆವೆ ಅನ್ನುವ ದೂರದ ಸವಾರಿ ಮಾಡುವ ಸೈಕಲ್ ಸವಾರರು ಕೇಳಿದ ತಕ್ಷಣ ನಗುತ್ತಾರೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ ಅಂತ ಗಡುವು ಇರುವ ಈ ಸವಾರಿಯಲ್ಲಿ ನಡುನಡುವೆ ಕಂಟ್ರೋಲ್ ಅಂತ ಜಾಗಗಳಿರುತ್ತವೆ. ಅಲ್ಲಿಗೆ ಬಂದಿದ್ದಕ್ಕೆ ಸಾಕ್ಷಿ ಬೇಕು. ಸಹಿ ಹಾಕಲು ಯಾರೂ ಇಲ್ಲದ ಕಡೆ, ಊರು ಮತ್ತು ಹೊತ್ತು ಅಚ್ಚಾದ ಎಟಿಎಂ ಚೀಟಿಯೇ ಸಾಕ್ಷಿ. ಬ್ಯಾಲೆನ್ಸ್ ಎಷ್ಟಿದ್ದರೂ ಪರವಾಗಿಲ್ಲ!

ಹಂತ 5: ತೂತು ಹುಡುಕಿ

ಇಲ್ಲೇ ನಾನು ಎಡವಿದ್ದು. ಎಲ್ಲ ಪುಸ್ತಕದಲ್ಲೂ ಇರುವ ಹಳೇ ಪ್ರಶ್ನೆ: ರೇಸಿನಲ್ಲಿ ಕೊನೆಯವನನ್ನು ದಾಟಿದರೆ ನೀವು ಎಷ್ಟನೆಯವರು? "ದಾಟಲು ಆಗುವುದೇ ಇಲ್ಲ, ನೀವು ಅವನ ಹಿಂದಿದ್ದರೆ ಅವನು ಕೊನೆಯವನು ಹೇಗಾಗುತ್ತಾನೆ" ಅಂತ ದೊಡ್ಡದಾಗಿ ವಿವರಿಸಿದೆ. ಅರವತ್ತು ದಾಟಿದ ಒಬ್ಬರು ಪಕ್ಕದಲ್ಲೇ ಓಡುತ್ತಿದ್ದರು. "ಅಲ್ಲಮ್ಮಾ, ಟ್ರ್ಯಾಕ್ ಮೇಲೆ ಹನ್ನೆರಡು ಗಂಟೆ ಓಡೋ ರೇಸಲ್ಲಿ ನಾನು ಕೊನೆಯವನನ್ನು ಎಂಟು ಸಲ ದಾಟಿದ್ದೀನಿ. ಎಂಟನೇ ಸಲ ಅವನೇ ಕೈ ಬೀಸಿದ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ, ಒಳಗೊಳಗೇ ಉರಿಯಿತು. ಸುತ್ತು ಹಾಕುವ ರೇಸಿನಲ್ಲಿ ಅದು ದಿನಾ ನಡೆಯುವ ಸಂಗತಿ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ಆದರೆ ತೂತೇ ಮುಂದಿನ ಒಗಟಾಯಿತು: "ಕೊನೆಯವನನ್ನು ಎಂಟು ಸಲ ದಾಟಿದೆ, ನನ್ನ ಸ್ಥಾನ ಒಂದು ಸಲವೂ ಬದಲಾಗಲಿಲ್ಲ." ಈಗ ಅವರೇ ಇದನ್ನು ಎಲ್ಲ ಕಡೆ ಹಾಕುತ್ತಾರೆ.

ಹಾಗಾಗಿ ಒಗಟು ಕಟ್ಟಿದ ಮೇಲೆ ಇಬ್ಬರಿಗೆ ಕೇಳಿ. ಒಬ್ಬರು ಆ ಆಟ ಚೆನ್ನಾಗಿ ಗೊತ್ತಿದ್ದವರು, ಇನ್ನೊಬ್ಬರು ಏನೂ ಗೊತ್ತಿಲ್ಲದವರು. ಮೊದಲನೆಯವರು ಬೇರೆ ಉತ್ತರ ಕೊಟ್ಟು ಅದೂ ಸರಿಯಾಗಿದ್ದರೆ ಒಗಟು ಸಡಿಲವಾಗಿದೆ, ಇನ್ನೊಂದು ಮಾತು ಸೇರಿಸಿ ಬಿಗಿ ಮಾಡಿ. ಎರಡನೆಯವರಿಗೆ ಉತ್ತರ ಹೇಳಿದ ಮೇಲೂ ಅರ್ಧ ಗಂಟೆ ವಿವರಿಸಬೇಕಾದರೆ ಅದನ್ನು ಓಡುವವರ ನಡುವೆಯೇ ಇಟ್ಟುಕೊಳ್ಳಿ.

ಹಂತ 6: ಹೊತ್ತು ನೋಡಿ ಹಾಕಿ

ಲೆಕ್ಕದ್ದು ಮೊದಲ ಹತ್ತು ಕಿಲೋಮೀಟರಿಗೆ, ಕಥೆಯದ್ದು ನಡುವಿಗೆ, ಒಂದೇ ಸಾಲಿನದ್ದು ಕೊನೆಗೆ. ಸೈಕಲ್ ಗುಂಪಿನಲ್ಲಿ ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರ ಹೋಗುವಾಗ ಬೇಡ, ಟೀ ಅಂಗಡಿಗೆ ಬಂದ ಮೇಲೆ ಹಾಕಿ. ಯಾರಿಗಾದರೂ ಕಾಲು ಹಿಡಿದುಕೊಂಡಿದ್ದರೆ ಒಗಟಲ್ಲ, ಉಪ್ಪು ನೀರು ಕೊಡಿ.

ಈಗ ನೀವು ಒಡೆಯಿರಿ

1. ಎರಡು ಮನೆ, ಮನೆಗೆ ಐದೈದು ಜನ ಅಣ್ಣತಮ್ಮಂದಿರು, ಎಲ್ಲರಿಗೂ ಬಿಳಿ ಟೋಪಿ. 42 ಕಿಲೋಮೀಟರ್ ಆದ ಮೇಲೆ ದೊಡ್ಡಣ್ಣನ ಟೋಪಿ ಕಪ್ಪಾಗಿತ್ತು.

2. ಗೆಲ್ಲಲು ಬಂದವನಲ್ಲ, ಕೈಯಲ್ಲಿ ಬಾವುಟ. ಬೇಗ ಬಂದರೂ ಬೈಗುಳ, ತಡವಾದರೂ ಬೈಗುಳ.

3. ಇಬ್ಬರು ಗೆಳತಿಯರು ಟ್ರ್ಯಾಕಿನಲ್ಲಿ 25 ಸುತ್ತು ಜೊತೆಯಾಗಿ ಓಡಿದರು. ಒಬ್ಬಳು ಪೂರ್ತಿ ಒಂದು ಮೀಟರ್ ಹೊರಗಡೆಯೇ ಇದ್ದಳು. ಅವಳು ಎಷ್ಟು ಹೆಚ್ಚು ಓಡಿದಳು? ಟ್ರ್ಯಾಕಿನ ಅಳತೆ ಹೇಳುವುದಿಲ್ಲ.

4. ಮೂರು ವಾರದ ಸೈಕಲ್ ರೇಸ್. ಒಂದು ದಿನವೂ ಮೊದಲು ಬರಲಿಲ್ಲ. ಕಪ್ ಅವನದೇ.

5. 42.195 ಕಿಲೋಮೀಟರನ್ನು ಎರಡು ಗಂಟೆಯೊಳಗೆ ಓಡಿದ. ಜಗತ್ತೇ ನೋಡಿತು. ಗಡಿಯಾರ ಸರಿ, ದೂರ ಸರಿ, ಆದರೂ ದಾಖಲೆ ಅಲ್ಲ.

6. ಎಷ್ಟು ಜನ ಓಡಿದರೂ ಮುಗಿಸುವವರು ಒಬ್ಬರೇ. ಕೆಲವು ಸಲ ಅವರೂ ಇರುವುದಿಲ್ಲ.

ಉತ್ತರಗಳು

1. ಕಾಲ್ಬೆರಳುಗಳು. ಶೂ ಬಿಗಿಯಾದರೆ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ.

2. ಪೇಸರ್, ಅಂದರೆ ಉಳಿದವರು ಜೊತೆಗೆ ಓಡಲಿ ಅಂತ ಒಂದೇ ವೇಗ ಕಾಯ್ದುಕೊಂಡು ಓಡುವವರು. ನಾಲ್ಕೂವರೆ ಗಂಟೆ ಅಂತ ಬಾವುಟದಲ್ಲಿ ಬರೆದಿದ್ದರೆ ನಾಲ್ಕೂವರೆಗೇ ತಲುಪಬೇಕು, ಪಾಪ.

3. ಸುಮಾರು 157 ಮೀಟರ್. ಒಂದು ಮೀಟರ್ ಹೊರಗಿದ್ದರೆ ಸುತ್ತಿಗೆ 6.28 ಮೀಟರ್ ಹೆಚ್ಚಾಗುತ್ತದೆ, ಅಂದರೆ ಎರಡು ಪೈ. ಟ್ರ್ಯಾಕ್ ದೊಡ್ಡದಾದರೂ ಚಿಕ್ಕದಾದರೂ ಅಷ್ಟೇ.

4. 1990ರ ಟೂರ್ ಡಿ ಫ್ರಾನ್ಸ್, ಗ್ರೆಗ್ ಲೆಮಾಂಡ್. ಅಲ್ಲಿ ಲೆಕ್ಕಕ್ಕೆ ಬರುವುದು ಎಲ್ಲ ದಿನಗಳ ಒಟ್ಟು ಸಮಯ. 2017ರಲ್ಲಿ ಕ್ರಿಸ್ ಫ್ರೂಮ್ ಕೂಡ ಹೀಗೇ ಗೆದ್ದರು.

5. ಎಲಿಯುಡ್ ಕಿಪ್ಚೊಗೆ, ವಿಯೆನ್ನಾ, 2019, 1 ಗಂಟೆ 59 ನಿಮಿಷ 40 ಸೆಕೆಂಡ್. ಅದು ಎಲ್ಲರೂ ಸೇರುವ ರೇಸ್ ಆಗಿರಲಿಲ್ಲ, ಗಾಳಿ ತಡೆಯಲು ಪೇಸರ್‌ಗಳು ಸರದಿ ಮೇಲೆ ಬದಲಾಗುತ್ತಿದ್ದರು.

6. ಬ್ಯಾಕ್‌ಯಾರ್ಡ್ ಅಲ್ಟ್ರಾ. ಪ್ರತಿ ಗಂಟೆಗೆ 6.706 ಕಿಲೋಮೀಟರಿನ ಒಂದು ಸುತ್ತು, ಮುಂದಿನ ಗಂಟೆ ಹೊಡೆದಾಗ ಮತ್ತೆ ಗೆರೆಯ ಮೇಲೆ ನಿಂತಿರಬೇಕು. ಒಬ್ಬರೇ ಉಳಿಯುವ ತನಕ ಹೀಗೇ. ಹಾಗೆ ಉಳಿದವರು ಇನ್ನೊಂದು ಸುತ್ತನ್ನು ಒಬ್ಬರೇ ಮುಗಿಸಿದರೆ ಮಾತ್ರ ಗೆಲುವು, ಬಾಕಿ ಎಲ್ಲರ ಹೆಸರಿನ ಮುಂದೆ 'ಓಟ ಮುಗಿಸಲಿಲ್ಲ' ಅನ್ನುವ ಡಿಎನ್‌ಎಫ್. ಕೊನೆಯ ಇಬ್ಬರೂ ಒಂದೇ ಸುತ್ತಿನಲ್ಲಿ ಕೈಚೆಲ್ಲಿದರೆ ಗೆದ್ದವರೇ ಇಲ್ಲ.