ಊರಿನ ಹಳೇ ಕಡತ ಹುಡುಕುವುದು ಹೇಗೆ?

ಊರ ದೇವಸ್ಥಾನಕ್ಕೆ ತಸ್ತೀಕು, ಅಂದರೆ ಸರ್ಕಾರ ವರ್ಷವರ್ಷ ಕೊಡುವ ಹಣ, ಯಾವಾಗ ಶುರುವಾಯಿತು? ಕೆರೆ ಏರಿ ಒಡೆದಾಗ ದುರಸ್ತಿಗೆ ಹಣ ಕೊಟ್ಟವರು ಯಾರು? ತಾತ ಓದಿದ ಶಾಲೆ ಮಂಜೂರಾಗಿದ್ದು ಯಾವ ವರ್ಷ? ಇಂಥವಕ್ಕೆ ಉತ್ತರ ಹುಡುಕಬೇಕಾದ ಜಾಗ ಕರ್ನಾಟಕ ರಾಜ್ಯ ಪತ್ರಾಗಾರ. ಅದರ ಕೇಂದ್ರ ಕಚೇರಿ ಬೆಂಗಳೂರಿನ ವಿಧಾನಸೌಧದಲ್ಲಿದೆ. ಮೈಸೂರು, ಧಾರವಾಡದಂಥ ಕಡೆ ವಿಭಾಗೀಯ ಕಚೇರಿಗಳಿವೆ. ಆದರೆ ಬಸ್ಸು ಹತ್ತುವ ಮುಂಚೆ ಮನೆಯಲ್ಲೇ ಮುಗಿಸಬೇಕಾದ ಕೆಲಸ ಸಾಕಷ್ಟಿದೆ.

ಮೊದಲು, ನಿಮಗೆ ಬೇಕಿರುವುದು ಪತ್ರಾಗಾರವೇ ಹೌದೇ ಎಂದು ನೋಡಿಕೊಳ್ಳಿ. ಹಳೇ ಪಹಣಿ, ಮ್ಯುಟೇಶನ್ ಬೇಕಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಬೇಕು. ಕ್ರಯಪತ್ರಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿ. ಜಮೀನಿನ ಅಳತೆಯ ದಾಖಲೆಗಳಾದ ಟಿಪ್ಪಣಿ, ಆಕಾರಬಂದ್‌ಗೆ ಸರ್ವೆ ಇಲಾಖೆ. ಪತ್ರಾಗಾರದಲ್ಲಿರುವುದು ಮುಖ್ಯವಾಗಿ ಸರ್ಕಾರದ ಹಳೇ ಆದೇಶ, ಪತ್ರವ್ಯವಹಾರ, ವರದಿಗಳು. ಜಮೀನಿನ ತಕರಾರು ಹೊತ್ತು ಅಲ್ಲಿಗೆ ಹೋದರೆ ಒಂದು ದಿನ ದಂಡ.

ಎರಡನೆಯದೇ ಅಸಲಿ ಕೆಲಸ. ನೀವು ಹುಡುಕುತ್ತಿರುವ ವರ್ಷದಲ್ಲಿ ನಿಮ್ಮೂರು ಯಾರ ಆಡಳಿತದಲ್ಲಿತ್ತು? 1956ರ ನವೆಂಬರ್ 1ಕ್ಕೆ ಮುಂಚೆ ಇಂದಿನ ಕರ್ನಾಟಕ ಹಲವು ಸರ್ಕಾರಗಳಲ್ಲಿ ಹಂಚಿಹೋಗಿತ್ತು. ಹಳೇ ಮೈಸೂರಿನವರ ದಾರಿ ಸಲೀಸು, ಬೆಂಗಳೂರು ಮತ್ತು ಮೈಸೂರಿನಲ್ಲೇ ಶುರುಮಾಡಬಹುದು. 1831ರಿಂದ 1881ರವರೆಗೆ ಅಲ್ಲಿ ಬ್ರಿಟಿಷ್ ಕಮಿಷನರುಗಳ ಆಡಳಿತ, ಆಮೇಲೆ ಮತ್ತೆ ಒಡೆಯರದು ಎಂಬುದಷ್ಟು ನೆನಪಿರಲಿ. ಧಾರವಾಡ, ಬೆಳಗಾವಿ, ವಿಜಯಪುರದವರಿಗೆ ಮುಂಬೈನ ಪತ್ರಾಗಾರವೂ ಬೇಕಾಗುತ್ತದೆ. ಆ ಕಡೆಯ ಹಳೆಯ ಕಾಗದಗಳು ಮೋಡಿ ಲಿಪಿಯ ಮರಾಠಿಯಲ್ಲಿರಬಹುದು, ಓದಿಕೊಡುವವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಕಲಬುರಗಿ, ರಾಯಚೂರು, ಬೀದರ್ ನಿಜಾಮರ ಹೈದರಾಬಾದಿಗೆ ಸೇರಿದ್ದವು. ಅಲ್ಲಿ ಉರ್ದು, ಪರ್ಷಿಯನ್ ಬಲ್ಲವರ ನೆರವು ಬೇಕು. ದಕ್ಷಿಣ ಕನ್ನಡ, ಕೊಳ್ಳೇಗಾಲ ಮದ್ರಾಸಿನಲ್ಲಿದ್ದವು, ಬಳ್ಳಾರಿಯೂ 1953ರವರೆಗೆ ಅಲ್ಲೇ ಇತ್ತು. ಇವಕ್ಕೆ ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರ. ಎಲ್ಲಕ್ಕಿಂತ ತಲೆನೋವು ಉತ್ತರ ಕನ್ನಡದ್ದು. 1862ರವರೆಗೆ ಮದ್ರಾಸು, ಆಮೇಲೆ ಮುಂಬೈ, 1956ರ ನಂತರ ಮೈಸೂರು. ಒಂದೇ ಬಂದರಿನ ಕಥೆಗೆ ಮೂರು ಊರು ಸುತ್ತಬೇಕಾದೀತು.

ಆಮೇಲೆ ಹೆಸರು, ವರ್ಷಗಳ ಪಟ್ಟಿ ಮಾಡಿಕೊಳ್ಳಿ. ಪತ್ರಾಗಾರದ ಹಳೇ ಸೂಚಿಗಳಲ್ಲಿ (ಕಡತಗಳ ಪಟ್ಟಿಗಳಲ್ಲಿ) ರಾಮನಗರ ಎಂದು ಹುಡುಕಿದರೆ ಏನೂ ಸಿಗದು, ಆಗ ಅದು ಕ್ಲೋಸ್‌ಪೇಟೆ. ಪಾಂಡವಪುರ ಫ್ರೆಂಚ್ ರಾಕ್ಸ್, ಮಡಿಕೇರಿ ಮರ್ಕೆರಾ. ಕಾಗದದಲ್ಲಿ ಫಸಲಿ ವರ್ಷ (ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ) ಇದ್ದರೆ 590 ಕೂಡಿಸಿ: ಫಸಲಿ 1300 ಅಂದರೆ ಸುಮಾರು 1890–91. ಸಂವತ್ಸರದ ಹೆಸರೊಂದೇ ಇದ್ದರೆ ಹುಷಾರು, ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಶಾರ್ವರಿ ಅಂದರೆ 1900–01 ಇರಬಹುದು, 1960–61 ಕೂಡ ಇರಬಹುದು. ಕಾಗದದೊಳಗಿನ ಅಧಿಕಾರಿಯ ಹೆಸರೋ, ನಾಣ್ಯದ ಲೆಕ್ಕವೋ ಅನುಮಾನ ಬಿಡಿಸಬೇಕು.

ಇಷ್ಟಾದ ಮೇಲೆ ಫೋನ್ ಮಾಡಿ ಹೊರಡಿ. ಗುರುತಿನ ಚೀಟಿ ಇರಲಿ, ವಿದ್ಯಾರ್ಥಿಗಳಾದರೆ ಮಾರ್ಗದರ್ಶಕರ ಪತ್ರವೂ ಇರಲಿ. ಏನು ಹುಡುಕುತ್ತಿದ್ದೀರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದೊಯ್ಯಿರಿ: ಊರು, ವರ್ಷ, ಇಲಾಖೆ. ‘ನಮ್ಮೂರ ಬಗ್ಗೆ ಏನಿದೆ ಸಾರ್?’ ಎಂದು ಕೇಳಿದರೆ ಯಾವ ಸಿಬ್ಬಂದಿಯೂ ಕಡತ ತಂದುಕೊಡಲಾರರು. ‘1912ರಿಂದ 1918, ಮುಜರಾಯಿ’ ಎಂದರೆ ಸೂಚಿಪುಸ್ತಕ ಕೈಗೆ ಬರುತ್ತದೆ. ಅದರಲ್ಲಿ ಕಡತದ ಸಂಖ್ಯೆ ಗುರುತಿಸಿ ಬೇಡಿಕೆ ಚೀಟಿ ಬರೆದುಕೊಡಬೇಕು. ಪೆನ್ನು ಬಿಟ್ಟು ಪೆನ್ಸಿಲ್ ಒಯ್ಯಿರಿ, ಧೂಳಿನ ಅಲರ್ಜಿ ಇದ್ದರೆ ಮಾಸ್ಕ್ ಕೂಡ. ಫೋಟೊ ತೆಗೆಯುವ ಮುನ್ನ ಅನುಮತಿ ಪಡೆಯಿರಿ, ನಕಲಿನ ಶುಲ್ಕ ಕೇಳಿಕೊಳ್ಳಿ. ಹಾಳೆ ತೀರಾ ಶಿಥಿಲವಾಗಿದ್ದರೆ ಕಡತ ಕೊಡದೆಯೂ ಇರಬಹುದು, ಅದಕ್ಕೆ ಜಗಳ ಬೇಡ. ಓದಿದ ಪ್ರತಿ ಕಡತದ ಸಂಖ್ಯೆಯನ್ನು ಆಗಲೇ ಬರೆದಿಟ್ಟುಕೊಳ್ಳಿ.

ದೂರದವರು ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಜಾಲತಾಣವನ್ನೂ ನೋಡಬಹುದು. ಕಮಿಷನರುಗಳ ಕಾಲದ ಮೈಸೂರು ಮತ್ತು ಕೊಡಗಿನ ವಿಷಯಕ್ಕೆ ಅದು ಒಳ್ಳೆಯ ಆರಂಭ.

ನಿಮ್ಮ ಮನೆಯ ಅಟ್ಟದಲ್ಲೇ ಹಳೇ ಕಾಗದ, ಬಳಪದಲ್ಲಿ ಬರೆದ ಕರಿಬಟ್ಟೆಯ ಕಡತ ಇದ್ದರೆ ಪತ್ರಾಗಾರಕ್ಕೆ ತಿಳಿಸಿ. ಬಟ್ಟೆಯ ಮೇಲಿನ ಬಳಪದ ಬರಹ ಉಜ್ಜಿದರೆ ಅಳಿಸಿಹೋಗುತ್ತದೆ, ಹಾಗಾಗಿ ಧೂಳೆಂದು ಒರೆಸಬೇಡಿ. ಕಾಗದವನ್ನಂತೂ ಲ್ಯಾಮಿನೇಷನ್‌ಗೆ ಕೊಡಲೇಬೇಡಿ.