ಬ್ಯಾಟರಿ ಗರಗಸ ಎತ್ತುವ ಮೊದಲು ತಂತಿ ನೋಡಿ

ಮೂಡಿಗೆರೆ ಕಡೆ ನಮ್ಮದು ನಾಲ್ಕು ಎಕರೆ ಕಾಫಿ ತೋಟ. ಮಳೆಗಾಲಕ್ಕೆ ಮುಂಚೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಆಗಲೇಬೇಕು. ನೆರಳು ಜಾಸ್ತಿಯಾದರೆ ಗಿಡಕ್ಕೆ ಕೊಳೆರೋಗ ಬರುತ್ತದೆ. ಮರ ಹತ್ತುವವರು ಈಗ ಸಿಗುವುದೇ ಕಷ್ಟ. ಹಾಗಾಗಿ ಮೂರು ವರ್ಷದಿಂದ ಕೆಳಗಿನ ಕೊಂಬೆಗಳನ್ನು ಉದ್ದ ಕೋಲಿನ ಬ್ಯಾಟರಿ ಗರಗಸದಲ್ಲಿ ನಾನೇ ಕೊಯ್ಯುತ್ತಿದ್ದೇನೆ.

ಮೊದಲು ಮರಕ್ಕೆ ಒಂದು ಸುತ್ತು ಬಂದು ಮೇಲೆ ನೋಡಿ. ನಮ್ಮ ತೋಟಗಳ ಮಧ್ಯೆಯೇ 11 ಕೆವಿ ಕರೆಂಟ್ ಲೈನ್ ಹೋಗಿರುತ್ತದೆ, ಎಲೆ ಮರೆಯಲ್ಲಿ ಕಾಣುವುದಿಲ್ಲ. ಬ್ಯಾಟರಿ ಮಷಿನ್ ಅಲ್ವಾ, ಶಾಕ್ ಹೊಡೆಯಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ ಅದರ ಕೋಲು ಅಲ್ಯೂಮಿನಿಯಂ. ತಂತಿಗೆ ತಾಗಿದರೆ ಜೀವ ಉಳಿಯುವುದಿಲ್ಲ. ಹಸಿ ಕೊಂಬೆ ವಾಲಿ ತಂತಿಗೆ ತಗುಲಿದರೂ ಅಪಾಯವೇ. ಫೈಬರ್ ಕೋಲನ್ನೂ ನಂಬಬೇಡಿ. ಮರಗಸಿ ಮಾಡುವಾಗ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಮಲೆನಾಡಿನಲ್ಲಿ ಎಷ್ಟು ಜನರನ್ನು ಕಳೆದುಕೊಂಡಿದ್ದೇವೆ! ತಂತಿಗೆ ಹತ್ತಡಿ ಒಳಗೆ ಕೊಂಬೆಯಾಗಲಿ ಕೋಲಾಗಲಿ ಬರುವ ಹಾಗಿದ್ದರೆ ಆ ಮರ ಮುಟ್ಟಬೇಡಿ. ಲೈನ್‌ಮ್ಯಾನ್‌ಗೆ ಹೇಳಿ, ಇಲ್ಲವೇ 1912ಕ್ಕೆ ಫೋನ್ ಮಾಡಿ. ಲೈನ್ ಆಫ್ ಆದ ಮೇಲೇ ಕೆಲಸ.

ಹೆಲ್ಮೆಟ್, ಕನ್ನಡಕ, ಬೂಟು ಬೇಕೇ ಬೇಕು. ಕೊರಳಲ್ಲಿ ಟವೆಲ್ ಬೇಡ.

ಕೊಂಬೆಯ ನೇರ ಕೆಳಗೆ ನಿಲ್ಲಬೇಡಿ. ಕೋಲು ಓರೆಯಾಗಿಯೇ ಇರಲಿ, ನೆಲದಿಂದ 60 ಡಿಗ್ರಿ ದಾಟಿಸಬೇಡಿ. ಇಳಿಜಾರಾದರೆ ಮೇಲ್ಭಾಗದಲ್ಲಿ ನಿಲ್ಲಿ. ಹಿಂದೆ ಸರಿಯುವ ದಾರಿಯಲ್ಲಿ ಕಾಫಿ ಗಿಡದ ರೆಕ್ಕೆ (ಅಡ್ಡಕೊಂಬೆ) ಅಡ್ಡ ಇದ್ದರೆ ಮೊದಲೇ ಬಗ್ಗಿಸಿ ಕಟ್ಟಿಬಿಡಿ. ಏಣಿ ಮೇಲೆ ನಿಂತು ಈ ಗರಗಸ ಹಿಡಿಯಲೇಬಾರದು.

ಕೊಂಬೆಯನ್ನು ಒಂದೇ ಏಟಿಗೆ ಕೊಯ್ಯಬೇಡಿ. ಸಿಲ್ವರ್ ಓಕ್ ಕೊಂಬೆ ತನ್ನ ಭಾರಕ್ಕೆ ತಾನೇ ಮುರಿದು, ಕಾಂಡದ ಸಿಪ್ಪೆಯನ್ನೂ ಸೀಳಿಕೊಂಡು ಬರುತ್ತದೆ. ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ ಹೋಗುತ್ತದೆ. ಕಾಂಡದಿಂದ ಒಂದಡಿ ದೂರದಲ್ಲಿ, ಕೊಂಬೆಯ ಅಡಿಯಿಂದ ಕಾಲು ಭಾಗದಷ್ಟು ಕೊಯ್ಯಿರಿ. ಅಲ್ಲಿಂದ ಎರಡಿಂಚು ಆಚೆ, ಮೇಲಿನಿಂದ ಪೂರ್ತಿ ಕೊಯ್ಯಿರಿ. ಭಾರ ಹೋದ ಮೇಲೆ ಉಳಿದ ಮೋಟನ್ನು ತೆಗೆಯಿರಿ. ಕೊಂಬೆಯ ಬುಡದಲ್ಲಿ ಉಂಗುರದಂತೆ ಉಬ್ಬಿದ ಜಾಗ ಇರುತ್ತದಲ್ಲ, ಅದನ್ನು ಬಿಟ್ಟು ಹೊರಗೆ ಕೊಯ್ಯಿರಿ. ಗಾಯ ಮುಚ್ಚಿಕೊಳ್ಳುವುದು ಅಲ್ಲಿಂದಲೇ. ಚೈನ್ ತಿರುಗಲು ಶುರುವಾದ ಮೇಲೆ ಮರಕ್ಕೆ ತಾಗಿಸಿ. ಚೈನ್ ಓಡುವ ಪಟ್ಟಿ ಇದೆಯಲ್ಲ, ಆ ಬಾರ್‌ನ ತುದಿಯಿಂದ ಕೊಯ್ಯಬೇಡಿ, ಗರಗಸ ಮೇಲಕ್ಕೆ ಎಗರುತ್ತದೆ.

ಹೋದ ವರ್ಷ ಹಾಲುವಾಣ ಮರದ ಕೊಂಬೆಯಲ್ಲಿ ಬಾರ್ ಸಿಕ್ಕಿಕೊಂಡು ಚೈನ್ ಕಳಚಿತು. ಕೋಲು ಇಳಿಸಿಕೊಂಡು ಎಡಗೈಯಲ್ಲಿ ಚೈನ್ ಕೂರಿಸಲು ಹೋದೆ. ಬ್ಯಾಟರಿ ಒಳಗೇ ಇತ್ತು, ಸ್ವಿಚ್ ಹೇಗೋ ಒತ್ತಿಹೋಗಿ ಚೈನ್ ತಿರುಗಿಬಿಟ್ಟಿತು. ಗ್ಲೌಸ್ ಹರಿದು ಹೆಬ್ಬೆರಳಿಗೆ ನಾಲ್ಕು ಹೊಲಿಗೆ ಬಿತ್ತು. ಅಂದಿನಿಂದ ಚೈನ್ ಮುಟ್ಟುವ ಮೊದಲು ಬ್ಯಾಟರಿ ನನ್ನ ಜೇಬಿನಲ್ಲಿರುತ್ತದೆ. ಎಣ್ಣೆ ಹಾಕುವಾಗಲೂ, ಚೈನ್ ಬಿಗಿ ಮಾಡುವಾಗಲೂ, ಮುಂದಿನ ಮರಕ್ಕೆ ನಡೆಯುವಾಗಲೂ ಅಷ್ಟೇ.

ಬಿಸಿಯಾದ ಬ್ಯಾಟರಿಯನ್ನು ಆರಲು ಬಿಟ್ಟು ಆಮೇಲೆ ಚಾರ್ಜ್‌ಗೆ ಹಾಕಿ. ಮಳೆ ಹನಿ ಬಿದ್ದರೆ ನಿಲ್ಲಿಸಿ. ನಾನಂತೂ ದಿನಕ್ಕೆ ಎರಡು ಬ್ಯಾಟರಿ ಮುಗಿದರೆ ಗರಗಸ ಒಳಗಿಡುತ್ತೇನೆ. ಅಷ್ಟು ಹೊತ್ತಿಗೆ ಭುಜ ಸೋತು ಕೋಲು ಅಲ್ಲಾಡಲು ಶುರುವಾಗಿರುತ್ತದೆ.